ವೈದ್ಯರ ದಾಖಲೆ ಪುಸ್ತಕವೂ ಘಟ್ಟದ ಆರೋಗ್ಯವೂ

(ಕುಂದಾಪುರದ ಕೋಡಿಯಲ್ಲಿ ವೈದ್ಯರು, ಕೃಷಿಕರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಗಿಡಗಳ ರೋಗ ನೋಡುವ ನನ್ನಂಥವರನ್ನು ಮನುಷ್ಯರ ರೋಗದ ಕುರಿತು ಮಾತನಾಡಲು ಕರೆದಿದ್ದೀರಿ. ಚಿಕಿತ್ಸೆಯ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ; ಅದಕ್ಕೆ ತಕ್ಕವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ನಾನು ಹೇಳಬೇಕೆಂದಿರುವುದು ವೈದ್ಯರ ಮೇಜಿನ ಮೇಲಿರುವ ಒಂದು ಸಣ್ಣ ವಸ್ತುವಿನ ಬಗ್ಗೆ. ಅದು ದಿನಕ್ಕೆ ಇಷ್ಟು ಮಂದಿ ಬಂದರು, ಇಂಥ ಊರಿನವರು, ಇಂಥ ತೊಂದರೆ ಎಂದು ಬರೆದಿಡುವ ಪುಸ್ತಕ. ಹತ್ತು ಕ್ಲಿನಿಕ್ಕುಗಳ ಪುಸ್ತಕಗಳು ಹತ್ತು ಕಡೆ ಮುಚ್ಚಿಕೊಂಡು ಕುಳಿತರೆ ಏನಾಗುತ್ತದೆ, ಅವನ್ನು ಒಂದೇ ಮೇಜಿನ ಮೇಲೆ ಬಿಡಿಸಿಟ್ಟರೆ ಏನು ಕಾಣುತ್ತದೆ ಎಂಬುದಷ್ಟೇ ಈ ಹೊತ್ತಿನ ವಿಷಯ.

ಈ ಮಾತಿಗೆ ಕೋಡಿಯೇ ತಕ್ಕ ಜಾಗ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಘಟ್ಟದಿಂದಿಳಿದು ಪಂಚಗಂಗಾವಳಿಯಾಗಿ ಕೂಡಿ ಇಲ್ಲೇ ಕಡಲು ಸೇರುತ್ತವೆ. ನೀರು ಇಳಿಯುವ ದಾರಿಯಲ್ಲೇ ರೋಗಿಗಳೂ ಇಳಿಯುತ್ತಾರೆ. ಹೊಸನಗರ, ಸಾಗರ ಸೀಮೆಯ ಜ್ವರದ ರೋಗಿ ಬಾಳೆಬರೆ ಘಾಟಿಯಿಂದಲೋ ಕೊಲ್ಲೂರು ಘಾಟಿಯಿಂದಲೋ ಇಳಿದು, ಸಿದ್ದಾಪುರದಲ್ಲಿ ಒಬ್ಬರಿಗೆ, ಕುಂದಾಪುರದಲ್ಲಿ ಇನ್ನೊಬ್ಬರಿಗೆ ತೋರಿಸಿ, ಕಡೆಗೆ ಮಣಿಪಾಲ ಸೇರುತ್ತಾನೆ. ಆ ದಾರಿಯಲ್ಲಿ ಅವನನ್ನು ನೋಡಿದ ಮೂವರು ವೈದ್ಯರು ಒಬ್ಬರೊಡನೊಬ್ಬರು ಮಾತಾಡಿರುವುದಿಲ್ಲ. ಅವನು ಯಾವ ಕಾಡಿನಲ್ಲಿ ಸೊಪ್ಪು ಕೊಯ್ದ, ಯಾವ ಗದ್ದೆಯಲ್ಲಿ ನಿಂತ, ತೋಟಕ್ಕೆ ಏನು ಸಿಂಪಡಿಸಿದ ಎಂಬ ಸಂಗತಿ ಮೂರು ಚೀಟಿಗಳ ಪೈಕಿ ಒಂದರಲ್ಲೂ ಇರುವುದಿಲ್ಲ.

ಕೃಷಿಕರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆಯ ಕೊಳೆರೋಗವನ್ನೇ ತೆಗೆದುಕೊಳ್ಳಿ. ನನ್ನ ತೋಟಕ್ಕೆ ನಾನು ಎಷ್ಟೇ ಅಚ್ಚುಕಟ್ಟಾಗಿ ಬೋರ್ಡೋ ದ್ರಾವಣ ಹೊಡೆಸಿದರೂ ಬೇಲಿಯಾಚೆಯ ತೋಟದವರು ಸುಮ್ಮನಿದ್ದರೆ ಮಳೆ ಗಾಳಿಯೊಡನೆ ರೋಗ ಬಂದೇ ಬರುತ್ತದೆ. ಈಚಿನ ಎಲೆಚುಕ್ಕಿ ರೋಗದಲ್ಲಿಯೂ ಹಾಗೆಯೇ. ಯಾವ ಊರಿನಲ್ಲಿ ಮೊದಲು ಕಂಡಿತು, ಯಾವ ದಿಕ್ಕಿಗೆ ಸರಿಯುತ್ತಿದೆ ಎಂಬುದು ಒಂದು ತೋಟ ನೋಡಿದವರಿಗೆ ತಿಳಿಯದು; ಹತ್ತು ತೋಟದ ಸುದ್ದಿ ಸೇರಿದಾಗ ಮಾತ್ರ ತಿಳಿಯುತ್ತದೆ. ಮನುಷ್ಯರ ಕಾಯಿಲೆಗಳಲ್ಲಿಯೂ ನೆಲಕ್ಕೆ, ಕಾಡಿಗೆ, ನೀರಿಗೆ ಅಂಟಿಕೊಂಡ ಒಂದು ವರ್ಗವಿದೆ. ಅವು ಒಬ್ಬ ರೋಗಿಯ ಮೈಯಲ್ಲಿ ಬರಿಯ ಜ್ವರವಾಗಿ ಕಾಣುತ್ತವೆ. ಊರೂರುಗಳ ಲೆಕ್ಕದಲ್ಲಿ ಮಾತ್ರ ಅವುಗಳ ನಿಜರೂಪ ಹೊರಬೀಳುತ್ತದೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಹಳೆಯ ನಿದರ್ಶನವೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರ, ತಲೆನೋವು, ಮೈಕೈ ನೋವಿನಿಂದ ಮಲಗಿದರು. ಕೆಲವರು ರಕ್ತಸ್ರಾವವಾಗಿ ತೀರಿಕೊಂಡರು. ಅದೇ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಮಂಗ ಸಾಯುವುದಕ್ಕೂ ಮನುಷ್ಯ ಮಲಗುವುದಕ್ಕೂ ಸಂಬಂಧವಿದೆ ಎಂಬುದು ಕಾಡಂಚಿನ ಜನರಿಗೆ ಕಣ್ಣೆದುರಿನ ಸಂಗತಿಯಾಗಿತ್ತು. ಆ ಮಾತನ್ನು ಅಧಿಕಾರಿಗಳು ತಳ್ಳಿಹಾಕದೆ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿಸಿದ್ದರಿಂದ ಕೆಲವೇ ವಾರಗಳಲ್ಲಿ ವೈರಸ್ಸು ಕೈಗೆ ಸಿಕ್ಕಿತು. ಉಣ್ಣೆಗಳ ಮೂಲಕ ಅದು ಹರಡುತ್ತದೆಂಬುದು ಗೊತ್ತಾಯಿತು. ಜಗತ್ತಿನ ವೈದ್ಯ ಗ್ರಂಥಗಳಲ್ಲಿ ಮಲೆನಾಡಿನ ಒಂದು ಕಾಡಿನ ಹೆಸರು ಹೀಗೆ ಸೇರಿಕೊಂಡಿತು. ಹೆಮ್ಮೆಪಡುವ ಸಂಗತಿಯೇನಲ್ಲ ಬಿಡಿ.

ಮಂಗನ ಕಾಯಿಲೆಯ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಬೇಸಾಯದ ಕ್ರಮಕ್ಕೂ ಅದಕ್ಕೂ ನೇರ ನಂಟಿದೆ. ವೈರಸ್ಸನ್ನು ಹೊತ್ತ ಉಣ್ಣೆಯ ಮರಿಗಳು ಕಾಡಿನ ನೆಲದ ಮೇಲೆ, ತರಗೆಲೆಗಳ ನಡುವೆ ಓಡಾಡುವುದು ಹೆಚ್ಚಾಗಿ ನವೆಂಬರಿನಿಂದ ಮೇ ತಿಂಗಳವರೆಗೆ. ನಾವು ತರಗು ಗುಡಿಸುವುದು, ಸೌದೆ ತರುವುದು, ಕೊಟ್ಟಿಗೆಗೆ ಸೊಪ್ಪು ಹೊರುವುದು ಕೂಡ ಅದೇ ತಿಂಗಳುಗಳಲ್ಲಿ. ಕಾಡಿಗೆ ಮೇಯಲು ಹೋದ ಗಂಟಿಗಳು ದೊಡ್ಡ ಉಣ್ಣೆಗಳಿಗೆ ಆಹಾರ ಕೊಟ್ಟು ಅವುಗಳ ಸಂತಾನ ಬೆಳೆಯಲು ನೆರವಾಗುತ್ತವೆ. ಸೋಂಕು ತಗಲಿದ ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣ್ಣೆಗಳು ಅಲ್ಲೇ ಉದುರುತ್ತವೆ. ಹಾಗಾಗಿ ಸತ್ತ ಮಂಗ ಬಿದ್ದ ಜಾಗದ ಸುತ್ತ ಐವತ್ತು ಅಡಿಯಷ್ಟು ನೆಲವೇ ಅಪಾಯದ ನೆಲ. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ರೋಗಿಯನ್ನು ದೂರವಿಡುವ ಅಗತ್ಯವಿಲ್ಲ. ಆದರೆ ಇದಕ್ಕೆ ನಿರ್ದಿಷ್ಟ ಔಷಧವೂ ಇಲ್ಲ. ಬೇಗ ಗುರುತಿಸಿ ಆಸ್ಪತ್ರೆಯಲ್ಲಿ ಆರೈಕೆ ಮಾಡುವುದೊಂದೇ ದಾರಿ. 1990ರಿಂದ ಕಾಡಂಚಿನ ಜನರಿಗೆ ಕೊಡುತ್ತಿದ್ದ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತುಹೋಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಕೈಹಾಕಿದೆ. ಅದು ನಮ್ಮ ತೋಳಿಗೆ ಬರುವ ತನಕ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ, ಮೈತುಂಬ ಬಟ್ಟೆ, ಮತ್ತು ಸತ್ತ ಮಂಗದ ಸುದ್ದಿಯನ್ನು ಆ ದಿನವೇ ಮುಟ್ಟಿಸುವ ವ್ಯವಸ್ಥೆ, ಇಷ್ಟೇ ನಮ್ಮ ಬಳಿ ಇರುವ ರಕ್ಷಣೆ.

2018ರ ಡಿಸೆಂಬರಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜ್ವರ ಹಬ್ಬಿತು. 2019ರ ಜನವರಿಯ ಹೊತ್ತಿಗೆ ಸಾವುಗಳು ನಾಡಿನೆಲ್ಲೆಡೆ ಸುದ್ದಿಯಾದವು. ಅಲ್ಲಿನ ಹಲವಾರು ಮಂದಿ ಘಟ್ಟ ಇಳಿದು ಮಣಿಪಾಲದ ಆಸ್ಪತ್ರೆಗೆ ಬಂದು ಮಲಗಿದರು. ಅದೇ ತಿಂಗಳಲ್ಲಿ ಉಡುಪಿ ಜಿಲ್ಲೆಯ ಹಾಡಿಗಳಲ್ಲಿಯೂ ಸತ್ತ ಮಂಗಗಳು ಸಿಕ್ಕವು. ಕೆಲವುಗಳಲ್ಲಿ ವೈರಸ್ಸು ಇರುವುದು ಪರೀಕ್ಷೆಯಲ್ಲಿ ದೃಢಪಟ್ಟಿತು. ಘಟ್ಟದ ಮೇಲಿನ ಕಾಯಿಲೆ, ನಮಗೇನು ಎಂದು ಕರಾವಳಿಯವರು ಹೇಳುವ ಕಾಲ ಅಂದಿಗೇ ಮುಗಿಯಿತು. ಹಾಡಿಯಲ್ಲಿ ಮಂಗ ಬಿದ್ದದ್ದನ್ನು ಮೊದಲು ನೋಡುವವರು ಗಂಟಿ ಮೇಯಿಸುವವರು, ಸೌದೆಗೆ ಹೋದ ಹೆಂಗಸರು, ಶಾಲೆಗೆ ಅಡ್ಡದಾರಿಯಲ್ಲಿ ಹೋಗುವ ಮಕ್ಕಳು. ಜ್ವರವನ್ನು ಮೊದಲು ನೋಡುವವರು ಪೇಟೆಯ ಮೂಲೆಯ ಸಣ್ಣ ಕ್ಲಿನಿಕ್ಕಿನ ವೈದ್ಯರು. ಉಣ್ಣೆ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆ. ಮಂಗದ ಸುದ್ದಿ ಮತ್ತು ಜ್ವರದ ಸುದ್ದಿ ಒಬ್ಬರ ಕಿವಿಗೇ ಬಿದ್ದರೆ ಆ ವೈದ್ಯರು ಮೊದಲ ರೋಗಿಯಲ್ಲೇ ಸಂಶಯಪಡುತ್ತಾರೆ. ಬೇರೆ ಬೇರೆ ಕಿವಿಗೆ ಬಿದ್ದರೆ ಹತ್ತನೆಯ ರೋಗಿಯವರೆಗೂ ಅದು ಬರಿಯ ವೈರಲ್ ಜ್ವರವಾಗಿಯೇ ಉಳಿಯುತ್ತದೆ.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಲ್ಲಿಂದ ದಕ್ಷಿಣಕ್ಕೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ, ಪಟ್ರಮೆ ಎಂಬ ಊರುಗಳಿವೆ. ಅಲ್ಲಿ ಗೇರು ತೋಟ ಎಬ್ಬಿಸಲೆಂದು ಕಾಡು ಕಡಿದ ಮೇಲೆ, 1982ರ ಕೊನೆಯಿಂದ 1983ರ ಬೇಸಿಗೆಯವರೆಗೆ ಮಂಗನ ಕಾಯಿಲೆ ಕಾಣಿಸಿಕೊಂಡು ಆ ಸೀಮೆಯಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಕಾಡು ಕಡಿಯಲು ಹೋದವರು, ಕಾಡಂಚಿನಲ್ಲಿ ಬದುಕುವವರು, ಹೆಚ್ಚಾಗಿ ಬಡವರು. ಮುಂದೆ ಗೇರು ಬೆಳೆಯಿತು. ಗೇರಿಗೆ ಟೀ ಸೊಳ್ಳೆಯ ಕಾಟ. ಅದು ಎಳೆ ಚಿಗುರು, ಹೂಗೊಂಚಲುಗಳ ರಸ ಹೀರಿ ಒಣಗಿಸುವ ಕೀಟ. ಅದಕ್ಕೆಂದು ಎಂಡೋಸಲ್ಫಾನ್ ಸಿಂಪಡಿಸಿದರು. ಕೊಕ್ಕಡ, ನಿಡ್ಲೆ, ಪಟ್ರಮೆಗಳ ಹೆಸರು ಎಂಡೋಸಲ್ಫಾನ್ ಪೀಡಿತ ಊರುಗಳ ಪಟ್ಟಿಯಲ್ಲಿ ಮತ್ತೆ ಬಂತು. ಒಂದೇ ನೆಲದ ಮೇಲೆ ಎರಡು ರೋಗ. ವೈದ್ಯಕೀಯದ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳು. ಒಂದು ವೈರಸ್ಸಿನದು, ಇನ್ನೊಂದು ವಿಷದ್ದು. ಭೂಮಿಯ ಲೆಕ್ಕದಲ್ಲಿ ಎರಡಕ್ಕೂ ಮೂಲ ಒಂದೇ: ಕಾಡಿದ್ದಲ್ಲಿ ಒಂದೇ ಜಾತಿಯ ಮರವನ್ನು ಸಾಲು ಹಿಡಿದು ನೆಟ್ಟದ್ದು. ಕೃಷಿ ವಿಜ್ಞಾನ ಕಲಿತವರು ಈ ಲೆಕ್ಕವನ್ನು ಜನರ ಮುಂದೆ ಇಡಬೇಕಾಗಿತ್ತು. ಇಟ್ಟದ್ದು ಬಹಳ ತಡವಾಗಿ, ಅದೂ ಕೆಲವರು ಮಾತ್ರ.

ಎಂಡೋಸಲ್ಫಾನ್ ದುರಂತ ಮೊದಲು ಬೆಳಕಿಗೆ ಬಂದದ್ದು ಕಾಸರಗೋಡಿನ ಕನ್ನಡದ ನೆಲದಲ್ಲಿ, ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದಲ್ಲಿ. ಆ ಊರಿನ ರಚನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಗುಡ್ಡಗಳ ನೆತ್ತಿಯಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟಗಳು, ಮನೆಗಳು. ಕುಡಿಯುವ ನೀರು ಬರುವುದು ಗುಡ್ಡದ ಒಡಲಿಗೆ ಅಡ್ಡವಾಗಿ ತೋಡಿದ ಸುರಂಗಗಳಿಂದ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಆ ನಿಗಮ ಜಿಲ್ಲೆಯ ತನ್ನ 4,600ಕ್ಕೂ ಹೆಚ್ಚು ಹೆಕ್ಟೇರು ಗೇರಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿತ್ತು. ನೆತ್ತಿಯ ಮೇಲೆ ಬಿದ್ದದ್ದು ಮಣ್ಣಿಗೆ, ಮಣ್ಣಿನಿಂದ ಸುರಂಗಕ್ಕೆ, ತೋಡಿಗೆ ಇಳಿಯದೆ ಎಲ್ಲಿಗೆ ಹೋದೀತು? ಅಂಥ ಕಡಿದಾದ, ಮನೆಗಳಿಂದ ತುಂಬಿದ ಗುಡ್ಡಗಾಡಿನಲ್ಲಿ ಆಕಾಶದಿಂದ ವಿಷ ಸುರಿಯಬಾರದೆಂದು ಹೇಳಲು ಯಾವ ಪದವಿಯೂ ಬೇಕಿರಲಿಲ್ಲ.

ಮೊದಲು ಮಾತನಾಡಿದ್ದು ದನಗಳು. ಜೇನು ಸತ್ತವು, ಕಾಲು ತಿರುಚಿದ ಕರುಗಳು ಹುಟ್ಟಿದವು. ಅದೇ ಊರಿನ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಇದನ್ನು 1980ರ ಆಸುಪಾಸಿನಲ್ಲೇ ಬರೆದರು. ಆಗ ಯಾರೂ ಕಿವಿಗೊಡಲಿಲ್ಲ. ಅದೇ ದಶಕದ ಆರಂಭದಲ್ಲಿ ಡಾ. ವೈ.ಎಸ್. ಮೋಹನಕುಮಾರರು ಎಂ.ಬಿ.ಬಿ.ಎಸ್. ಮುಗಿಸಿ ವಾಣೀನಗರದಲ್ಲಿ ಕ್ಲಿನಿಕ್ ತೆರೆದರು. ದೊಡ್ಡ ಪ್ರಯೋಗಾಲಯವಿಲ್ಲ, ಸಹಾಯಕರ ದಂಡಿಲ್ಲ. ವರ್ಷಗಳು ಕಳೆದಂತೆ ಅವರಿಗೆ ಒಂದು ವಿಚಿತ್ರ ಕಾಣತೊಡಗಿತು. ತೋಡಿನ ದಂಡೆಯ ಮನೆಗಳಿಂದ ಬುದ್ಧಿಮಾಂದ್ಯ ಮಕ್ಕಳು, ಅಪಸ್ಮಾರ, ಹುಟ್ಟುವಾಗಲೇ ಅಂಗವಿಕಲತೆ, ಗರ್ಭಪಾತ, ಕ್ಯಾನ್ಸರ್, ಮಾನಸಿಕ ಕಾಯಿಲೆ ಇವು ಅಷ್ಟು ಸಣ್ಣ ಊರಿಗೆ ಇರಬೇಕಾದ್ದಕ್ಕಿಂತ ಹೆಚ್ಚಾಗಿ ಬರುತ್ತಿವೆ ಎನಿಸಿತು. ಅವರು ಮನೆ ಮನೆಯ ಲೆಕ್ಕ ಬರೆದಿಟ್ಟರು. ನೀರಿನಲ್ಲಿ ಏನೋ ಇದೆ ಎಂದು ಊಹಿಸಿ, 1990ರ ದಶಕದಲ್ಲಿ ವೈದ್ಯಕೀಯ ಪತ್ರಿಕೆಗೆ ಬರೆದು, ಬಲ್ಲವರು ಬಂದು ತನಿಖೆ ಮಾಡಲೆಂದು ಕೇಳಿಕೊಂಡರು.

ಇಲ್ಲಿ ಆ ವೈದ್ಯರ ಮುಂದಿದ್ದ ತೊಡಕನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಬ್ಬ ವೈದ್ಯ ನನ್ನ ಊರಿನಲ್ಲಿ ಈ ಕಾಯಿಲೆ ಹೆಚ್ಚು ಎಂದರೆ, ವಿಜ್ಞಾನ ಕೇಳುವ ಮೊದಲ ಪ್ರಶ್ನೆ, ಎಲ್ಲಿಗಿಂತ ಹೆಚ್ಚು? ಪಕ್ಕದ ಊರಿನಲ್ಲಿ ಎಷ್ಟಿದೆ? ಹತ್ತು ವರ್ಷದ ಹಿಂದೆ ಎಷ್ಟಿತ್ತು? ಹತ್ತಿರ ಹತ್ತಿರದ ಮದುವೆಗಳಿಂದಾಗಿರಬಹುದಲ್ಲ, ಅಪೌಷ್ಟಿಕತೆಯಿಂದಿರಬಹುದಲ್ಲ? ಈ ಪ್ರಶ್ನೆಗಳು ತಪ್ಪಲ್ಲ, ಕೇಳಲೇಬೇಕಾದವು. ಕೀಟನಾಶಕ ಕಂಪನಿಗಳೂ ಇವನ್ನೇ ಕೇಳಿದವು, ಆದರೆ ಉತ್ತರ ತಿಳಿಯುವ ಆಸೆಯಿಂದಲ್ಲ, ಕಾಲ ತಳ್ಳುವ ಉಪಾಯವಾಗಿ. ಉತ್ತರ ಕೊಡಲು ಒಂದು ಪುಸ್ತಕ ಸಾಲದು. ಸಿಂಪರಣೆ ಇದ್ದ ಊರಿನ ಪುಸ್ತಕದ ಪಕ್ಕದಲ್ಲಿ ಸಿಂಪರಣೆ ಇಲ್ಲದ ಊರಿನ ಪುಸ್ತಕವೂ ಬೇಕು. ಅದು ಇರಲಿಲ್ಲ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳನ್ನು ಪರೀಕ್ಷಿಸಿ ವಿಷದ ಅಂಶವಿದೆಯೆಂದಿತು. ಆ ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಶಾಲಾಮಕ್ಕಳನ್ನು, ಸಿಂಪರಣೆಯಿಲ್ಲದ ಇನ್ನೊಂದು ಊರಿನ ಮಕ್ಕಳನ್ನು ಒಟ್ಟಿಗೆ ಹೋಲಿಸಿ ನೋಡಿದರು. ಸಿಂಪರಣೆ ನಿಂತು ತಿಂಗಳುಗಳು ಕಳೆದಿದ್ದರೂ ಪಡ್ರೆಯ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಇತ್ತು. ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾಗಿತ್ತು. 2003ರಲ್ಲಿ ಆ ಅಧ್ಯಯನ ಅಂತರರಾಷ್ಟ್ರೀಯ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಪಡ್ರೆಯ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆಂದು ಅದು ಹೇಳಲಿಲ್ಲ. ವಿಜ್ಞಾನ ಹಾಗೆ ಮಾತನಾಡುವುದೂ ಇಲ್ಲ. ಆದರೆ ಸಿಂಪರಣೆಯನ್ನು ಮತ್ತೆ ಆರಂಭಿಸಬಾರದೆನ್ನಲು ಅದು ಸಾಕಷ್ಟಾಯಿತು.

ನಾನು ಆಗಾಗ ಈ ಲೆಕ್ಕ ಹಾಕುತ್ತೇನೆ. ಪಡ್ರೆಯ ಸುತ್ತಿನ ನಾಲ್ಕೈದು ಪೇಟೆಗಳ ವೈದ್ಯರು 1985ರಿಂದಲೇ ಒಂದೇ ಮಾದರಿಯಲ್ಲಿ ಹುಟ್ಟು, ಗರ್ಭಪಾತ, ಅಂಗವಿಕಲತೆಗಳ ಲೆಕ್ಕವಿಟ್ಟು ವರ್ಷಕ್ಕೊಮ್ಮೆ ಕುಳಿತು ನೋಡಿದ್ದರೆ, ಅಹಮದಾಬಾದಿನಿಂದ ಬಂದವರು ಮಾಡಿದ ಹೋಲಿಕೆಯ ಒರಟು ರೂಪವಾದರೂ 1990ಕ್ಕೇ ಸಿದ್ಧವಿರುತ್ತಿತ್ತು. ನಡುವೆ ಹತ್ತು ವರ್ಷ. ಆ ಹತ್ತು ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಈಗ ಬೆಳೆದು ದೊಡ್ಡವರಾಗಿದ್ದಾರೆ. ಹಲವರನ್ನು ಇಂದಿಗೂ ವಯಸ್ಸಾದ ತಾಯಂದಿರು ಎತ್ತಿ ಮಲಗಿಸುತ್ತಿದ್ದಾರೆ. ನನ್ನ ನಂತರ ಇವನನ್ನು ನೋಡುವವರು ಯಾರು ಎಂಬುದು ಕೊಕ್ಕಡದಲ್ಲಿಯೂ ಪಡ್ರೆಯಲ್ಲಿಯೂ ತಾಯಂದಿರು ಕೇಳುವ ಒಂದೇ ಪ್ರಶ್ನೆ.

ಸಿಂಪರಣೆ ನಿಂತದ್ದು ಕೂಡ ಬೇರೆ ಬೇರೆ ಕಸುಬಿನವರು ಸೇರಿದ್ದರಿಂದಲೇ. ವೈದ್ಯರೊಬ್ಬರು ಲೆಕ್ಕವಿಟ್ಟರು, ಪತ್ರಕರ್ತರೊಬ್ಬರು ಬರೆದರು. ಜಿಲ್ಲೆಯ ಇನ್ನೊಂದು ಮೂಲೆಯ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಎಂಬ ಕೃಷಿ ಇಲಾಖೆಯ ನೌಕರರು 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ತಡೆ ತಂದರು. ನಮ್ಮ ಇಲಾಖೆಯವರೊಬ್ಬರು ಹೀಗೆ ಮಾಡಿದರೆಂಬುದನ್ನು ನಾನು ಕೃಷಿ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಕರ್ನಾಟಕ ಸರ್ಕಾರ 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಿತು; ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿತು. 2017ರ ಜನವರಿಯಲ್ಲಿ ಕೇರಳದ ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ಆದೇಶಿಸಿತು. ನಮ್ಮ ಉಡುಪಿ ಜಿಲ್ಲೆ ಇದರಿಂದ ಹೊರತೆಂದು ತಿಳಿದಿದ್ದವರ ಕಣ್ಣು ತೆರೆಸಿದ್ದು ಡಾ. ರವೀಂದ್ರನಾಥ ಶಾನುಭಾಗರ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನ. ಗೇರು ತೋಟಗಳಿರುವ ಇಲ್ಲಿನ ಹಳ್ಳಿಗಳಲ್ಲಿಯೂ ಅವರು ಮನೆಮನೆ ತಿರುಗಿ ಪೀಡಿತರನ್ನು ಗುರುತಿಸಿದರು. ಅಷ್ಟು ವರ್ಷ ಆ ಮಕ್ಕಳು ಯಾರಾದರೂ ಒಬ್ಬ ವೈದ್ಯರ ಪುಸ್ತಕದಲ್ಲಿ ಒಂದು ಸಾಲಾಗಿ ಇದ್ದೇ ಇದ್ದಿರಬೇಕು.

ಎಂಡೋಸಲ್ಫಾನ್ ಹೋಯಿತೆಂದು ನಿಟ್ಟುಸಿರು ಬಿಡುವ ಹಾಗಿಲ್ಲ. ಎಲೆಚುಕ್ಕಿ ರೋಗಕ್ಕೆಂದು ಅಡಿಕೆ ತೋಟಗಳಲ್ಲಿ ಶಿಲೀಂಧ್ರನಾಶಕಗಳ ಸಿಂಪರಣೆ ಹಿಂದೆಂದೂ ಇಲ್ಲದಷ್ಟು ಏರಿದೆ. ಹಿಂದೆ ಸುಣ್ಣ ಮೈಲುತುತ್ತದ ದ್ರಾವಣ ಮಾತ್ರ ಕಂಡಿದ್ದ ಕೈಗಳು ಈಗ ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್ ಕಲಸುತ್ತಿವೆ. ನೆಲದಲ್ಲಿ ನಿಂತು ದೋಟಿಯಿಂದ ತಲೆಯ ಮೇಲಕ್ಕೆ ಹೊಡೆಯುವಾಗ ಹನಿಗಳು ಬೀಳುವುದು ಹೊಡೆಯುವವನ ಮುಖದ ಮೇಲೆಯೇ. ಆಳುಗಳಿಲ್ಲವೆಂದು ಕಳೆನಾಶಕ ಬಂದಿದೆ. ಅದರಲ್ಲಿ ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಇವುಗಳಿಂದ ಇಂಥದೇ ಕಾಯಿಲೆ ಬಂದಿದೆ ಎಂದು ನಾನು ಹೇಳುತ್ತಿಲ್ಲ. ಬಂದರೆ ತಿಳಿಯುವ ಏರ್ಪಾಡು ನಮ್ಮಲ್ಲಿ ಇಲ್ಲ ಎನ್ನುತ್ತಿದ್ದೇನೆ. ಪಡ್ರೆಯಲ್ಲಿಯೂ ಇರಲಿಲ್ಲ.

ಮಳೆಗಾಲದ ಇಲಿಜ್ವರ ಇನ್ನೊಂದು ಬಗೆಯ ಉದಾಹರಣೆ. ಕೆಸರುಗದ್ದೆಯಲ್ಲಿ, ತೋಟದ ಕಪ್ಪಿನಲ್ಲಿ ಗಾಯವಿರುವ ಕಾಲಿನಿಂದ ನಿಂತವರಿಗೆ ಇಲಿಯ ಮೂತ್ರದಿಂದ ಬೆರೆತ ನೀರಿನ ಮೂಲಕ ಅದು ಬರುತ್ತದೆ. ಜ್ವರ, ಮೀನಖಂಡದ ವಿಪರೀತ ನೋವು, ಕಣ್ಣು ಕೆಂಪಾಗುವುದು, ಅನಂತರ ಕಾಮಾಲೆ. ಬೇಗ ಗುರುತಿಸಿದರೆ ಅಗ್ಗದ ಮಾತ್ರೆಗಳಿಗೆ ಬಗ್ಗುವ ಕಾಯಿಲೆ. ತಡವಾದರೆ ಮೂತ್ರಪಿಂಡ ಕೆಡುತ್ತದೆ. ತಡವಾಗುವುದು ಎಲ್ಲಿ ಎಂಬುದು ನಿಮಗೆಲ್ಲ ಗೊತ್ತಿದೆ. ಕಣ್ಣು ಹಳದಿಯಾದ ಕೂಡಲೆ ನಮ್ಮವರು ಕಾಮಾಲೆಗೆ ಮದ್ದು ಕೊಡುವ ನಾಟಿ ವೈದ್ಯರ ಮನೆಗೆ ಹೋಗುತ್ತಾರೆ. ಪಥ್ಯ ಹೇಳಿಸಿಕೊಂಡು ಬರುವಷ್ಟರಲ್ಲಿ ಮೂರು ನಾಲ್ಕು ದಿನ ಕಳೆದಿರುತ್ತದೆ. ನಾಟಿ ವೈದ್ಯರನ್ನು ಬೈದು ಪ್ರಯೋಜನವಿಲ್ಲ. ಜನ ನಂಬಿಕೆಯಿಟ್ಟು ಹೋಗುವ ಜಾಗ ಅದು, ಬೈದರೆ ಗುಟ್ಟಾಗಿ ಹೋಗುತ್ತಾರೆ. ಅವರನ್ನು ಕೂಟದೊಳಕ್ಕೆ ಕರೆದುಕೊಳ್ಳಬೇಕು. ಕಾಮಾಲೆಯ ಜೊತೆ ಜ್ವರವೂ ಕಾಲುನೋವೂ ಇದ್ದವರನ್ನು ಅದೇ ದಿನ ಆಸ್ಪತ್ರೆಗೆ ಕಳುಹಿಸಿಕೊಡಿ ಎಂದು ಗೌರವದಿಂದ ಕೇಳಿಕೊಂಡರೆ ಒಪ್ಪುವವರು ಹಲವರಿದ್ದಾರೆ.

ವೈದ್ಯರು ಒಟ್ಟುಗೂಡುವುದು ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ಜಿಲ್ಲೆಗಳಲ್ಲೇ ಉತ್ತರವಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಕೆಲಸವನ್ನು ನೋಡಿ. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ, ಸಣ್ಣ ಕ್ಲಿನಿಕ್ಕುಗಳಿಗೆ ಇಸಿಜಿ ಯಂತ್ರ ಕೊಡಿಸಿದರು. ಹಳ್ಳಿಯ ವೈದ್ಯರು ಎದೆನೋವಿನ ರೋಗಿಯ ಇಸಿಜಿ ತೆಗೆದು ವಾಟ್ಸಾಪ್ ಬಳಗಕ್ಕೆ ಹಾಕುತ್ತಾರೆ. ತಜ್ಞರು ಕೂಡಲೇ ನೋಡಿ ಯಾವ ಮದ್ದು ಕೊಟ್ಟು ಎಲ್ಲಿಗೆ ಕಳುಹಿಸಬೇಕೆಂದು ತಿಳಿಸುತ್ತಾರೆ. ಕರಾವಳಿಯ ಜೊತೆಗೆ ಮಲೆನಾಡಿನ ಜಿಲ್ಲೆಗಳಿಗೂ ಅದು ಹಬ್ಬಿತು. ಇದರಲ್ಲಿ ನನಗೆ ಹಿಡಿಸಿದ್ದು ಯಂತ್ರವಲ್ಲ. ಹಳ್ಳಿಯ ಎಂ.ಬಿ.ಬಿ.ಎಸ್. ವೈದ್ಯರನ್ನು ದೊಡ್ಡ ಆಸ್ಪತ್ರೆಗೆ ರೋಗಿ ಕಳುಹಿಸುವ ಗುಮಾಸ್ತರಂತೆ ಕಾಣದೆ ಸಹೋದ್ಯೋಗಿಯಂತೆ ಕಂಡದ್ದು. ಅದಕ್ಕೂ ಎಷ್ಟೋ ಮೊದಲು ಮಣಿಪಾಲದ ಕಾಲೇಜು ಉಡುಪಿಯ ಸುತ್ತಿನ ಹಳ್ಳಿಗಳಲ್ಲಿ ಗ್ರಾಮೀಣ ಹೆರಿಗೆ ಹಾಗೂ ಶಿಶುಕಲ್ಯಾಣ ಕೇಂದ್ರಗಳನ್ನು ನಡೆಸಿ ದಾರಿ ತೋರಿಸಿತ್ತು.

ಹೃದಯಾಘಾತಕ್ಕೆ ಒಂದು ವಾಟ್ಸಾಪ್ ಬಳಗ ಸಾಕಾಯಿತು. ಜ್ವರಕ್ಕೂ ವಿಷಕ್ಕೂ ಸ್ವಲ್ಪ ಹೆಚ್ಚಿನ ಶಿಸ್ತು ಬೇಕು. ರೋಗಿಯ ಹೆಸರು ಬೇಡವೇ ಬೇಡ. ಊರು, ವಯಸ್ಸು, ಗಂಡೋ ಹೆಣ್ಣೋ, ಕಸುಬು, ಲಕ್ಷಣ, ಕಳೆದ ಎರಡು ವಾರಗಳಲ್ಲಿ ಕಾಡಿಗೆ ಹೋದದ್ದುಂಟೇ, ಗದ್ದೆಗಿಳಿದದ್ದುಂಟೇ, ಏನಾದರೂ ಸಿಂಪಡಿಸಿದ್ದುಂಟೇ? ಒಂದು ಸಾಲಿನಲ್ಲಿ ಮುಗಿಯುತ್ತದೆ. ಸರ್ಕಾರದ ರೋಗ ಕಣ್ಗಾವಲು ಯೋಜನೆ 2004ರಿಂದ ಇದೆ. ಆಶಾ ಕಾರ್ಯಕರ್ತೆಯರು, ಆರೋಗ್ಯ ಸಹಾಯಕಿಯರು ಅದರಲ್ಲಿ ದುಡಿಯುತ್ತಿದ್ದಾರೆ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿತು, ಒಳ್ಳೆಯದಾಯಿತು. ಆದರೆ ನಮ್ಮ ಜನ ಮೊದಲು ಹೋಗುವುದು ಖಾಸಗಿ ಕ್ಲಿನಿಕ್ಕಿಗೆ. ಅಲ್ಲಿನ ಪುಸ್ತಕ ತೆರೆಯದೆ ಸರ್ಕಾರದ ನಮೂನೆ ಅರ್ಧ ಖಾಲಿಯೇ. ಪಶುವೈದ್ಯರನ್ನೂ ಕೃಷಿ ಅಧಿಕಾರಿಯನ್ನೂ ಅರಣ್ಯ ರಕ್ಷಕರನ್ನೂ ಜೊತೆಗೆ ಕೂರಿಸಬೇಕು. ಪಡ್ರೆಯಲ್ಲಿ ಮೊದಲು ಕರು, ಕ್ಯಾಸನೂರಿನಲ್ಲಿ ಮೊದಲು ಮಂಗ ಎಂಬುದನ್ನು ಮರೆಯಬೇಡಿ.

ಅಡ್ಡಿಗಳು ಇಲ್ಲವೆಂದಲ್ಲ. ದಿನಕ್ಕೆ ಎಂಬತ್ತು ರೋಗಿಗಳನ್ನು ನೋಡುವ ವೈದ್ಯರಿಗೆ ಬರೆಯಲು ಬಿಡುವೆಲ್ಲಿ? ನಾಲ್ಕು ಮಾರು ದೂರದಲ್ಲಿ ಕ್ಲಿನಿಕ್ ಇಟ್ಟ ಇಬ್ಬರ ನಡುವೆ ಪೈಪೋಟ ಇದ್ದೇ ಇರುತ್ತದೆ. ಇದಕ್ಕಿಂತ ದೊಡ್ಡ ಭಯ ಊರಿನವರದು. ನಮ್ಮ ಊರಿಗೆ ಕಾಯಿಲೆಯ ಹೆಸರು ಬಂದರೆ ಹೆಣ್ಣು ಕೊಡುವವರು ಯಾರು, ನಮ್ಮ ಹಾಲು, ಅಡಿಕೆ ಕೊಳ್ಳುವವರು ಯಾರು ಎಂಬ ಭಯ. ಪಡ್ರೆಯವರು ಅದನ್ನು ಉಂಡಿದ್ದಾರೆ. ಹಾಗಾಗಿ ಊರಿನ ಲೆಕ್ಕವನ್ನು ಪತ್ರಿಕೆಗೆ ಕೊಡುವ ಮೊದಲು ಊರಿನವರ ಮುಂದೆ ಇಡಬೇಕು. ಏನು ಗೊತ್ತಾಗಿದೆ, ಏನು ಗೊತ್ತಾಗಿಲ್ಲ ಎಂಬುದನ್ನು ಅವರಿಗೇ ಮೊದಲು ಹೇಳಬೇಕು. ಪರಿಸರದ ಕೆಲಸ ಮಾಡುವ ನಾವು ಈ ವಿಷಯದಲ್ಲಿ ಆತುರ ತೋರುವುದುಂಟು; ಒಂದು ಶಿರೋನಾಮೆ ಸಿಕ್ಕರೆ ಸಾಕೆನಿಸಿಬಿಡುತ್ತದೆ.

ಬರೆಯುವ ಬಿಡುವಿನ ತೊಂದರೆಗೆ ಉತ್ತರ ಹಿಂದಿನ ಸಾಲುಗಳಲ್ಲಿ ಕುಳಿತಿದೆ. ಇಲ್ಲಿರುವ ಕಾಲೇಜು ವಿದ್ಯಾರ್ಥಿಗಳು ವಾರಕ್ಕೊಂದು ಸಂಜೆ ಒಂದೊಂದು ಕ್ಲಿನಿಕ್ಕಿಗೆ ಹೋಗಿ, ವೈದ್ಯರ ಎದುರಿನಲ್ಲೇ, ಹೆಸರುಗಳನ್ನು ಬಿಟ್ಟು ಆ ಸಾಲುಗಳನ್ನು ಎತ್ತಿಕೊಂಡು ಬರಬಹುದು. ಹೊಸಂಗಡಿ, ಸಿದ್ದಾಪುರ, ಕೊಲ್ಲೂರು, ಬೈಂದೂರು, ಗಂಗೊಳ್ಳಿ, ಕೋಡಿ ಇಷ್ಟು ಕಡೆಯಿಂದ ಒಬ್ಬೊಬ್ಬ ವೈದ್ಯರು ಒಪ್ಪಿದರೂ ಘಟ್ಟದ ಬುಡದಿಂದ ಕಡಲಿನವರೆಗಿನ ಒಂದು ಗೆರೆ ಸಿಗುತ್ತದೆ. ತಿಂಗಳಿಗೊಮ್ಮೆ ಎರಡು ಗಂಟೆ ಕುಳಿತು ನೋಡಿದರೆ ಸಾಕು. ನವೆಂಬರಿಗೆ ಉಣ್ಣೆಯ ಕಾಲ ಆರಂಭವಾಗುತ್ತದೆ. ಪುಸ್ತಕದ ನಮೂನೆಯ ಕೆಲವು ಪ್ರತಿಗಳನ್ನು ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿವೆ. ವೈದ್ಯರು ಅದನ್ನು ತಿದ್ದಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಲಕ್ಷಣಗಳ ಕಾಲಂ ನನಗೆ ತೃಪ್ತಿಕರವಾಗಿಲ್ಲ.